ಕೋಟೆಯ ಬಾಗಿಲಿಗೆ ಸಿಕ್ಕ ಮರ್ಯಾದೆ

ವೇಲ್ಸ್‌ನ ಚೆಪ್‌ಸ್ಟೋ ಕೋಟೆಯಲ್ಲಿ ನೋಡಲೇಬೇಕಾದದ್ದು ಯಾವುದೆಂದು ಟಿಕೆಟ್ ಕೊಡುವ ಹಿರಿಯ ಮಹಿಳೆಯನ್ನು ಕೇಳಿದರೆ, ಅವರು ಯಾವ ದೊರೆಯನ್ನೂ, ಯಾವ ಯುದ್ಧವನ್ನೂ ಹೆಸರಿಸದೆ, "ಮೊದಲು ಬಾಗಿಲು ನೋಡಿ" ಎಂದರು. ಚಿತ್ರಾನ್ನದ ಡಬ್ಬಿ ಹಿಡಿದು, ಶಾಲೆಯ ಸಾಲಿನಲ್ಲಿ ಶ್ರೀರಂಗಪಟ್ಟಣ ಸುತ್ತಿ ಬೆಳೆದ ನನಗೆ ಅದು ವಿಚಿತ್ರವೆನಿಸಿತು.

ವೈ ನದಿಯ ದಂಡೆಯಲ್ಲಿ, ಕಡಿದಾದ ಸುಣ್ಣಕಲ್ಲಿನ ಬಂಡೆಯ ಮೇಲೆ, ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮರುವರ್ಷವೇ, ಅಂದರೆ 1067ರಲ್ಲಿ, ಈ ಕೋಟೆಯ ಕೆಲಸ ಆರಂಭವಾಯಿತೆನ್ನುತ್ತಾರೆ. ಆ ಬಾಗಿಲು ಕಬ್ಬಿಣದ ತಗಡು ಹೊದಿಸಿದ ಓಕ್ ಮರದ ಜೋಡಿ ಕದ. 1962ರವರೆಗೂ ಹೆಬ್ಬಾಗಿಲಿನಲ್ಲೇ ಇದ್ದು, ಈಗ ಮಳೆಗಾಳಿ ತಾಗದಂತೆ ಒಳಗೆ ನಿಂತಿದೆ. ಮರದ ಬೆಳವಣಿಗೆಯ ಉಂಗುರಗಳನ್ನು ಪರೀಕ್ಷಿಸಿ, ಅದು 1190ಕ್ಕಿಂತ ಈಚಿನದಲ್ಲವೆಂದೂ, ಯುರೋಪಿನಲ್ಲಿ ಉಳಿದಿರುವ ಕೋಟೆಬಾಗಿಲುಗಳಲ್ಲಿ ಅತ್ಯಂತ ಹಳೆಯದೆಂದೂ ಹೇಳಿದ್ದಾರೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಕೋಟೆಯ ಒಡೆಯ ರೋಜರ್ ಬಿಗಾಡ್ ಕಟ್ಟಿಸಿದ ವಾಸದ ಮನೆಗಳ ಅಡಿಯಲ್ಲಿ ಕಮಾನಿನ ಉಗ್ರಾಣವೊಂದಿದೆ. ದೋಣಿಯಲ್ಲಿ ಬಂದ ದಿನಸಿಯನ್ನು ಅದರ ಬಾಯಿಯಿಂದಲೇ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ಬಂಡೆಯ ಅಂಚಿನ ಶೌಚದ ಕೋಣೆಯನ್ನೂ ಮುಚ್ಚುಮರೆಯಿಲ್ಲದೆ ತೋರಿಸುತ್ತಾರೆ. ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್‌ನ ಮರಣಾಜ್ಞೆಗೆ ಸಹಿ ಹಾಕಿ, ಇಲ್ಲಿಯೇ ಸೆರೆಯಲ್ಲಿದ್ದು 1680ರಲ್ಲಿ ಸತ್ತ ಹೆನ್ರಿ ಮಾರ್ಟನ್‌ನ ಹೆಸರೇ ಒಂದು ಗೋಪುರಕ್ಕೆ ಉಳಿದಿದೆ.

ನಮ್ಮ ಶ್ರೀರಂಗಪಟ್ಟಣದ ಕೋಟೆಯೇನು ಸಾಮಾನ್ಯವೇ? 1454ರಲ್ಲಿ ತಿಮ್ಮಣ್ಣ ನಾಯಕ ಕಟ್ಟಿಸಿದನೆನ್ನುವ, ಕಾವೇರಿಯೇ ಕಂದಕವಾಗಿ ಸುತ್ತುವರಿದ ಕೋಟೆಯನ್ನು ನಾವು 1799ರ ಮೇ 4ರ ಒಂದು ಮಧ್ಯಾಹ್ನಕ್ಕೆ ಇಳಿಸಿಬಿಟ್ಟಿದ್ದೇವೆ. ಟಿಪ್ಪುವಿನ ಶವ ಸಿಕ್ಕ ಜಾಗವನ್ನೂ, ಬ್ರಿಟಿಷ್ ಸೇನಾಧಿಕಾರಿ ಬೈಲಿಯ ಹೆಸರಿನ ಸೆರೆಮನೆಯನ್ನೂ ತೋರಿಸಿ, ಗೈಡ್ ನಮ್ಮನ್ನು ದರಿಯಾ ದೌಲತ್ತಿಗೆ ಓಡಿಸುತ್ತಿದ್ದ. ಮುತ್ತಿಗೆ ಬಿದ್ದಾಗ ಅಷ್ಟು ಜನಕ್ಕೆ ರಾಗಿ ಎಲ್ಲಿತ್ತು, ಅದನ್ನು ಬೀಸಿದವರು ಯಾರು ಎಂದು ಮೇಷ್ಟ್ರೂ ಕೇಳಲಿಲ್ಲ. ಸಂರಕ್ಷಿತ ಸ್ಮಾರಕವೆಂಬ ನೀಲಿ ಫಲಕ ದಂಡದ ವಿಷಯ ತಿಳಿಸಿ ಸುಮ್ಮನಾಗುತ್ತದೆ. ಇದೇ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿ ಟಿಪ್ಪುವಿನ ಹೂವಿನ ಚಿತ್ತಾರದ ಹತ್ತಿಬಟ್ಟೆಯ ಡೇರೆಯಿದೆ. ಕೊಳ್ಳೆ ಹೊಡೆದು ತಂದವರು ಬಟ್ಟೆಯ ವಿಚಾರವನ್ನಾದರೂ ಹೇಳುತ್ತಾರೆಂದು ಹೊಟ್ಟೆ ಉರಿಯುತ್ತದೆ.

ಆದರೂ ಒಂದು ಮಾತನ್ನು ಒಪ್ಪಬೇಕು. ಚೆಪ್‌ಸ್ಟೋ ಕೋಟೆಯೊಳಗೆ ಸಂಜೆ ಬೀಗ ಹಾಕಿದ ಮೇಲೆ ದೀಪ ಹಚ್ಚುವವರಿಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ ರಂಗನಾಥನಿಗೆ ಇಂದಿಗೂ ಪೂಜೆಯಿದೆ, ರಥಸಪ್ತಮಿಗೆ ತೇರಿದೆ, ಜನ ಸಂಸಾರ ಮಾಡಿಕೊಂಡಿದ್ದಾರೆ. ಜನ ಬಳಸುತ್ತಿರುವ ಊರನ್ನು ಗಾಜಿನೊಳಗಿಟ್ಟು ವಿವರಿಸುವುದು ಸುಲಭವಲ್ಲ. ರೈಲಿನ ಜೋಡಿಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನಮನೆಯನ್ನು ಕೆಡವದೆ, 2017ರಲ್ಲಿ ಇಡಿಯಾಗಿಯೇ ಪಕ್ಕಕ್ಕೆ ಸರಿಸಿದವರೂ ನಾವೇ. ಆ ಕೆಲಸ ಹೇಗಾಯಿತೆಂಬುದನ್ನು ಅದರ ಮುಂದೆಯೇ ನಿಂತು ಮಕ್ಕಳಿಗೆ ಬಿಡಿಸಿ ಹೇಳುವ ಗೈಡ್ ಸಿಕ್ಕರೆ, ಮುಂದಿನ ರಜೆಗೆ ಬಂದಾಗ ಅವರು ಕೇಳಿದಷ್ಟು ಕೊಡಲು ನಾನು ಸಿದ್ಧ.