ಪವರ್ ಹೆಚ್ಚಿಸಿದರೆ ಸಾಕೇ?

‘ಸಿಗ್ನಲ್ ಸರಿಯಾಗಿ ಬರದಿದ್ದರೆ ಪುಟ್ಟ ಉಪಗ್ರಹದ ಟ್ರಾನ್ಸ್‌ಮಿಟರ್ ಪವರ್ ಹೆಚ್ಚಿಸಿ’ ಎಂದು ಲೇಖನವೊಂದರಲ್ಲಿ ಲೇಖಕರು ಹೇಳಿದ ಮಾತು ನನಗೆ ಒಪ್ಪಿಗೆಯಿಲ್ಲ. 2010ರಲ್ಲಿ ಹಾರಿದ, ಬೆಂಗಳೂರು ಮತ್ತು ಹೈದರಾಬಾದ್ ವಿದ್ಯಾರ್ಥಿಗಳ ಉಪಗ್ರಹ ಸ್ಟಡ್‌ಸ್ಯಾಟ್ ಒಂದು ಕೆಜಿಯೂ ಇರಲಿಲ್ಲ. ಅಂಥ ಡಬ್ಬಿಯ ಸೋಲಾರ್ ಫಲಕದಿಂದ ಸಿಗುವುದೇ ಒಂದೆರಡು ವ್ಯಾಟ್. ರೇಡಿಯೊಗೆ ಎಷ್ಟು ಅಂತ ಕೊಡುತ್ತೀರಿ? ಒಂದು ವ್ಯಾಟನ್ನು ಎರಡು ಮಾಡಿದರೂ ಲಾಭ ಬರೀ 3 ಡೆಸಿಬಲ್ (ಸಿಗ್ನಲ್ ಬಲದ ಏರಿಳಿತ ಅಳೆಯುವ ಮಾನ; 3 ಅಂದರೆ ಎರಡು ಪಟ್ಟು). 500 ಕಿ.ಮೀ. ಎತ್ತರದ ಉಪಗ್ರಹ ದಿಗಂತದಲ್ಲಿದ್ದಾಗ ಸುಮಾರು 2,600 ಕಿ.ಮೀ. ದೂರವಿರುತ್ತದೆ. ನೆತ್ತಿಯ ಮೇಲಿದ್ದಾಗಿನದಕ್ಕೆ ಹೋಲಿಸಿದರೆ 14 ಡೆಸಿಬಲ್ ಅಲ್ಲೇ ಹೋಯಿತು (ಸಿಗುವುದು ಸುಮಾರು 25ರಲ್ಲಿ ಒಂದು ಪಾಲು), ಅಲ್ವಾ?

ಸರಿಪಡಿಸಬೇಕಾದ್ದು ನೆಲದ ಮೇಲಿನ ರಿಸೀವರ್ ಕಡೆಯನ್ನು. ನಮ್ಮ ಕಾಲೇಜಿನಲ್ಲಿ ಆಂಟೆನಾ ಟೆರೇಸ್ ಮೇಲೆ, ಬಂದ ಸಿಗ್ನಲ್ಲನ್ನು ಹಿಗ್ಗಿಸುವ ಆಂಪ್ಲಿಫೈಯರ್ ಕೆಳಗಿನ ಕೋಣೆಯಲ್ಲಿತ್ತು. ಹಿಗ್ಗುವ ಮುಂಚೆಯೇ ಅರ್ಧಕ್ಕಿಂತ ಜಾಸ್ತಿ ಸಿಗ್ನಲ್ಲನ್ನು ನಡುವಿನ ಕೇಬಲ್ಲೇ ನುಂಗುತ್ತಿತ್ತು. ಆಂಪ್ಲಿಫೈಯರನ್ನು ಆಂಟೆನಾ ಕಂಬಕ್ಕೇ ಕಟ್ಟಿದೆವು (ಮಳೆಗೆ ಟಿಫನ್ ಡಬ್ಬಿ ಹೊದಿಸಿ!). ಅದೇ ಉಪಗ್ರಹ, ಅದೇ ಪವರ್, ಡೇಟಾ ಮಾತ್ರ ಸಲೀಸಾಗಿ ಬಂತು.