ಗ್ರೌಂಡ್ ಫ್ಲೋರಿನವರ ನಂಬಿಕೆ

ಕೋಪದಲ್ಲಿ ಬರೆಯುತ್ತಿದ್ದೇನೆ, ಉದ್ದವಾದರೆ ಬೈಯಬೇಡಿ. ನಿನ್ನೆ ರಾತ್ರಿ ಸೊಸೈಟಿ ಮೀಟಿಂಗ್ ಮುಗಿಸಿ ಹಟಕ್ಕೆ ಬಿದ್ದು ಆರನೇ ಮಹಡಿಗೆ ಮೆಟ್ಟಿಲು ಹತ್ತಿ ಬಂದೆ. ಏದುಸಿರು ಇಳಿಯಿತು, ಸಿಟ್ಟು ಇನ್ನೂ ಇಳಿದಿಲ್ಲ.

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಲಿಫ್ಟ್ ಕಥೆ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಉಳಿದವರಿಗೆ ಹೇಳುತ್ತೇನೆ. ಎರಡು ತಿಂಗಳ ಹಿಂದೆ ಸರ್ವಿಸ್‌ಗೆ ಬಂದ ಹುಡುಗ, ಹಗ್ಗದ ತಂತಿಗಳು ಅಲ್ಲಲ್ಲಿ ತುಂಡಾಗಿವೆ, ಬೇಗ ಬದಲಾಯಿಸಿ ಅಂತ ಹೇಳಿ ಹೋದ. ಖರ್ಚು ಎಷ್ಟು ಅಂತ ಕೇಳಿದ ಮೇಲೆ ಕಮಿಟಿಯವರಿಗೆ ಕಿವಿ ಕೇಳಿಸದ ಹಾಗಾಯಿತು. ಹೋದ ಮಂಗಳವಾರ ಮೂರು ಮತ್ತು ನಾಲ್ಕನೇ ಮಹಡಿ ನಡುವೆ ಲಿಫ್ಟ್ ದಡಕ್ಕನೆ ನಿಂತಿತು. ಒಳಗಿದ್ದವರು ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಬಾಯಿ (ಮನೆಗೆಲಸದ ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತಾರೆ). ಇಪ್ಪತ್ತು ನಿಮಿಷ ಕತ್ತಲಲ್ಲಿ. ಹೊರಗೆ ಬಂದ ಮೇಲೆ ನನ್ನ ಹೆಂಡತಿ ಚಹಾ ಕೊಟ್ಟರೆ ಅವರಿಗೆ ಲೋಟ ಹಿಡಿಯಲು ಆಗಲಿಲ್ಲ, ಕೈ ಅಷ್ಟು ನಡುಗುತ್ತಿತ್ತು.

ಮೀಟಿಂಗಿನಲ್ಲಿ ಸೆಕ್ರೆಟರಿ ಕಾಕಾ ಬಹಳ ಶಾಂತವಾಗಿ "ಕಾಹೀ ಹೋತ್ ನಾಹೀ" ಅಂದರು. ಏನೂ ಆಗಲ್ಲವಂತೆ. ಇಪ್ಪತ್ತೆರಡು ವರ್ಷದಿಂದ ಓಡುತ್ತಿದೆಯಂತೆ, ಬಪ್ಪಾ, ಅಂದರೆ ಗಣಪತಿ, ಇದ್ದಾನಂತೆ, ಅವರಿಗೆ ಪೂರ್ತಿ ನಂಬಿಕೆಯಂತೆ. ಲಿಫ್ಟಿನಲ್ಲಿ ಗಣಪತಿ ಸ್ಟಿಕ್ಕರ್ ಇದೆ, ಶನಿವಾರ ಶನಿವಾರ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಾರೆ, ಅದೆಲ್ಲ ನಿಜ. ನಾನು ಎದ್ದು ಮಾತಾಡಲು ಹೋದರೆ ಪಕ್ಕದಲ್ಲಿ ಕೂತಿದ್ದ ನಮ್ಮ ಊರ ಕಡೆಯವರೇ, ಹೋಟೆಲ್ ನಡೆಸುವವರು, ಅಂಗಿ ಎಳೆದು ಕೂರಿಸಿದರು. "ಬಿಡಿ ಮಾರಾಯ್ರೆ, ನಂಬಿಕೆ ಅವರವರದ್ದು."

ಸೆಕ್ರೆಟರಿ ಮಾತಿಗಿಂತ ಜಾಸ್ತಿ ನನ್ನ ತಲೆ ಕೆಡಿಸಿದ್ದು ಈ ಮಾತು. ನಂಬಿಕೆ ಅವರವರದ್ದು! ಬಂಗುಡೆ ಸಾರಿಗೆ ಹುಣಸೆಹುಳಿಯೋ ಬಿಂಬುಳಿಯೋ ಅನ್ನುವುದು ಅವರವರದ್ದು, ಒಪ್ಪಿದೆ. 24 ಮನೆಯವರು ಬೆಳಿಗ್ಗೆ ಸಂಜೆ ನೇತಾಡುವ ಹಗ್ಗದ ಬಗ್ಗೆ ಇರುವ ನಂಬಿಕೆ ಒಬ್ಬರ ಸ್ವಂತದ್ದು ಹೇಗಾಗುತ್ತದೆ? ಒಟ್ಟು 28 ಮನೆ ಇದ್ದೂ 24 ಅಂತ ಯಾಕೆ ಬರೆದೆ ಅಂದರೆ ಗ್ರೌಂಡ್ ಫ್ಲೋರಿನ ನಾಲ್ಕು ಮನೆಗೆ ಲಿಫ್ಟ್ ಬೇಕಿಲ್ಲ. ಸೆಕ್ರೆಟರಿಯವರ ಮನೆ ಯಾವ ಫ್ಲೋರಿನಲ್ಲಿದೆ ಅಂತ ನೀವೇ ಊಹಿಸಿ.

ಮನೆಗೆ ಬಂದು ಕೂಗಾಡುತ್ತಿದ್ದೆ. ಮಗಳು ಮೊಬೈಲಿನಿಂದ ತಲೆ ಎತ್ತದೆ, "ಪಪ್ಪಾ, ಇದು ಕ್ಲಿಫರ್ಡ್‌ನ ಹಡಗು ಅಲ್ವಾ?" ಅಂದಳು. ಇವಳು ಬಿಎ ಮೊದಲ ವರ್ಷಕ್ಕೆ ಫಿಲಾಸಫಿ ತಗೊಂಡಾಗ "ಅದ್ರಿಂದ ಅನ್ನ ಹುಟ್ತದಾ?" ಅಂತ ಕೇಳಿದ ನೆಂಟರೂ ಇದನ್ನು ಓದುತ್ತಿರುತ್ತಾರೆ, ಅವರಿಗೆಲ್ಲ ನಮಸ್ಕಾರ. ಪರೀಕ್ಷೆ ಹೊತ್ತಿಗೆ ಅವಳ ನೋಟ್ಸ್ ಹಿಡಿದು ಪ್ರಶ್ನೆ ಕೇಳುತ್ತಿದ್ದವನು ನಾನೇ. ಹಾಗಾಗಿ ಅವಳ ಜೊತೆ ನಾನೂ ಅರ್ಧ ಪಾಸು.

ವಿಲಿಯಂ ಕ್ಲಿಫರ್ಡ್ ಇಂಗ್ಲೆಂಡಿನ ಗಣಿತದ ಮೇಷ್ಟ್ರು. 1877ರಲ್ಲಿ ಒಂದು ಪ್ರಬಂಧ ಬರೆದ. ಅದರಲ್ಲಿ ಒಬ್ಬ ಹಡಗಿನ ಯಜಮಾನ. ಹಡಗು ಹಳೆಯದು, ರಿಪೇರಿ ಆಗಬೇಕು ಅಂತ ಯಾರೋ ಹೇಳಿದ್ದಾರೆ. ಖರ್ಚು ನೆನೆದು ಅವನು ತನ್ನ ಅನುಮಾನವನ್ನೇ ಸಮಾಧಾನ ಮಾಡುತ್ತಾ ಹೋಗುತ್ತಾನೆ. ಎಷ್ಟೋ ಸಲ ಹೋಗಿ ಕ್ಷೇಮವಾಗಿ ಬಂದಿದೆ, ಮೇಲೆ ದೇವರಿದ್ದಾನೆ, ಹೊಸ ದೇಶಕ್ಕೆ ಹೊರಟ ಬಡ ಸಂಸಾರಗಳನ್ನು ಅವನು ಕೈ ಬಿಡುತ್ತಾನಾ? ಕೊನೆಗೆ ಅವನಿಗೆ ನಿಜವಾಗಿಯೂ ನಂಬಿಕೆ ಬಂದುಬಿಡುತ್ತದೆ. ನಾಟಕ ಅಲ್ಲ, ಪ್ರಾಮಾಣಿಕ ನಂಬಿಕೆ. ಹಡಗು ನಡುನೀರಿನಲ್ಲಿ ಮುಳುಗುತ್ತದೆ, ಅವನು ವಿಮೆ ಹಣ ಎಣಿಸಿಕೊಳ್ಳುತ್ತಾನೆ. ಆ ಸಾವುಗಳಿಗೆ ಅವನೇ ಹೊಣೆ ಅನ್ನುತ್ತಾನೆ ಕ್ಲಿಫರ್ಡ್. ನಂಬಿಕೆ ಪ್ರಾಮಾಣಿಕವಾಗಿದ್ದರೂ ಹಾಗೆ ನಂಬುವ ಹಕ್ಕು ಅವನಿಗೆ ಇರಲಿಲ್ಲ. ಪುರಾವೆ ಹುಡುಕಿ ಬಂದ ನಂಬಿಕೆ ಅಲ್ಲ ಅದು, ಅನುಮಾನದ ಕತ್ತು ಹಿಸುಕಿ ಬಂದದ್ದು. ಇದನ್ನು ಬರೆದವನು ಆರಾಮ ಕುರ್ಚಿಯವನಲ್ಲ ಕಣ್ರೀ. 1870ರಲ್ಲಿ ಸೂರ್ಯಗ್ರಹಣ ನೋಡಲು ಹೊರಟು ಸಿಸಿಲಿ ತೀರದಲ್ಲಿ ಹಡಗು ಒಡೆದು ಜೀವ ಉಳಿಸಿಕೊಂಡವನು.

ಇಷ್ಟೇ ಆಗಿದ್ದರೆ ನೀತಿಕಥೆ. ಮುಂದಿನ ಮಾತು ಕೇಳಿ. ಅದೇ ಹಡಗು ಮುಳುಗದೆ ಕ್ಷೇಮವಾಗಿ ದಡ ಸೇರಿತು ಅಂದುಕೊಳ್ಳಿ. ಯಜಮಾನನ ತಪ್ಪು ಕಮ್ಮಿ ಆಯಿತಾ? ಎಳ್ಳಷ್ಟೂ ಇಲ್ಲ ಅನ್ನುತ್ತಾನೆ. ಸಿಕ್ಕಿಬೀಳಲಿಲ್ಲ, ಅಷ್ಟೇ.

ಇದನ್ನು ಮೊದಲ ಸಲ ಅವಳ ನೋಟ್ಸಿನಲ್ಲಿ ಓದಿದಾಗ ಎದ್ದು ಬಾಲ್ಕನಿಗೆ ಹೋಗಿದ್ದೆ. ಯಾಕೆ ಅಂತ ಅವಳಿಗೆ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ಅಪ್ಪನ ಬಗ್ಗೆ ನಿಮಗೆ ಗೊತ್ತು. ಮುಂಬೈ ಫೋರ್ಟ್‌ನ ಕ್ಯಾಂಟೀನಿನಲ್ಲಿ ಹಗಲು ತಟ್ಟೆ ಎತ್ತಿ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. 2011ರ ಮಾರ್ಚ್ ಕೊನೆ. ರಾತ್ರಿ ಎದೆ ಹಿಡಿದುಕೊಂಡು ಕೂತಿದ್ದರು. ನನಗೆ ಮರುದಿನ ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. "ಗ್ಯಾಸ್ ಇರಬೇಕು ಅಪ್ಪಾ" ಅಂದೆ. ಓಮದ ನೀರು ಕೊಟ್ಟೆ. ಬೆಳಿಗ್ಗೆಯೂ ಮುಖ ಬಿಳಿಚಿಕೊಂಡಿತ್ತು, ಗ್ಯಾಸೇ ಅಂದುಕೊಂಡು 7:52ರ ಲೋಕಲ್ ಹಿಡಿದೆ. ಆಸ್ಪತ್ರೆಗೆ ಸೇರಿಸಿದ್ದು ಸಂಜೆ. ಹೃದಯಾಘಾತ. ಅಪ್ಪ ಬದುಕಿದರು, ಆಮೇಲೆ ಆರು ವರ್ಷ ನಮ್ಮ ಜೊತೆ ಇದ್ದರು. ಎಲ್ಲರೂ "ಏನೂ ಆಗಲಿಲ್ಲವಲ್ಲ, ಬಿಡು" ಅಂದರು. ನಾನೂ ಬಿಟ್ಟಿದ್ದೆ. ಆದರೆ ಗ್ಯಾಸ್ ಅಂತ ನನಗೆ ಯಾವ ಆಧಾರವೂ ಇರಲಿಲ್ಲ. ಗ್ಯಾಸ್ ಆಗಿದ್ದರೆ ನನಗೆ ಅನುಕೂಲ, ಅದಕ್ಕೆ ಗ್ಯಾಸ್. ಹಡಗು ದಡ ಸೇರಿತು, ಅಷ್ಟೇ.

ಅದಕ್ಕೇ "ನಂಬಿಕೆ ಅವರವರದ್ದು" ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುವುದು.

ಇಪ್ಪತ್ತೆರಡು ವರ್ಷ ಓಡಿದೆ ಅನ್ನುವ ವಾದಕ್ಕೆ 1912ರಲ್ಲೇ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಒಂದು ಕೋಳಿ ಬಿಟ್ಟಿದ್ದಾನೆ. ದಿನಾ ಕಾಳು ಹಾಕುವ ಮನುಷ್ಯ ನಾಳೆಯೂ ಹಾಕುತ್ತಾನೆ ಅಂತ ಕೋಳಿಗೆ ಪೂರ್ತಿ ನಂಬಿಕೆ. ಒಂದು ದಿನ ಅದೇ ಕೈ ಕತ್ತು ತಿರುಚುತ್ತದೆ. ಕೋರಿ ರೊಟ್ಟಿ ತಿಂದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಇನ್ನು ಸೆಕ್ರೆಟರಿಯವರು "ನಂಗೊತ್ತು, ಬೀಳಲ್ಲ" ಅನ್ನುವುದು. ಗೊತ್ತು ಅನ್ನುವ ಮಾತೇ ಎಷ್ಟು ತೊಡಕಿನದು ನೋಡಿ. ಸ್ಟೇಷನ್ನಿನಲ್ಲಿ ಇಂಡಿಕೇಟರ್ 8:14ರ ಲೋಕಲ್ ಅಂತ ತೋರಿಸುತ್ತಿದೆ. ನೋಡಿ ನಿಲ್ಲುತ್ತೀರಿ. 8:14ಕ್ಕೇ ಗಾಡಿ ಬರುತ್ತದೆ. ಆಮೇಲೆ ನೋಡಿದರೆ ಇಂಡಿಕೇಟರ್ ನಿನ್ನೆಯಿಂದ ಕೆಟ್ಟು ಅಲ್ಲೇ ನಿಂತಿದೆ! ನಂಬಿದ್ದು ನಿಜವಾಯಿತು, ನಂಬಲು ಕಾರಣವೂ ಇತ್ತು. ಆದರೂ ನಿಮಗೆ ಗೊತ್ತಿತ್ತು ಅನ್ನಬಹುದಾ? 1963ರಲ್ಲಿ ಗೆಟಿಯರ್ ಅನ್ನುವ ತತ್ವಜ್ಞಾನಿ ಬರೀ ಮೂರು ಪುಟದ ಲೇಖನದಲ್ಲಿ ಇಂಥದ್ದೇ ಉದಾಹರಣೆ ಕೊಟ್ಟು ಪಂಡಿತರ ನಿದ್ದೆ ಕೆಡಿಸಿದರು. ನಮ್ಮ ಸೆಕ್ರೆಟರಿಯವರದ್ದು ಆ ಮಟ್ಟಕ್ಕೂ ಬರುವುದಿಲ್ಲ. ಅವರು ಇಂಡಿಕೇಟರನ್ನೇ ನೋಡಿಲ್ಲ.

"ಲಿಫ್ಟ್ ಕಂಪನಿಯವರು ಫೋನಿನಲ್ಲಿ ನಡೆಯುತ್ತೆ ಅಂದಿದ್ದಾರೆ" ಅಂತ ಖಜಾಂಚಿ ಬೇರೆ. ನಮ್ಮ ಹಳೆಯ ತರ್ಕಶಾಸ್ತ್ರದ, ಅಂದರೆ ನ್ಯಾಯದರ್ಶನದವರು ಶಬ್ದವನ್ನೂ, ಅಂದರೆ ಇನ್ನೊಬ್ಬರು ಹೇಳಿದ ಮಾತನ್ನೂ, ತಿಳಿಯುವ ದಾರಿ (ಪ್ರಮಾಣ) ಅಂತ ಒಪ್ಪುತ್ತಾರೆ, ಸರಿ. ಆದರೆ ಯಾರ ಶಬ್ದ? ಆಪ್ತನದ್ದು. ಅಂದರೆ ವಿಷಯವನ್ನು ಸ್ವತಃ ಬಲ್ಲವನು, ಇದ್ದದ್ದನ್ನು ಇದ್ದ ಹಾಗೆ ಹೇಳುವವನು. ಹಗ್ಗವನ್ನು ಕಣ್ಣಾರೆ ನೋಡಿ ಬದಲಾಯಿಸಿ ಅಂದ ಹುಡುಗ ಆಪ್ತನೋ, ಫೋನಿನಲ್ಲಿ ನಡೆಯುತ್ತೆ ಅಂದವನೋ?

ಈಗ ಕಾಮೆಂಟಿನಲ್ಲಿ ನನ್ನ ಪುಣೆ ಗೆಳೆಯ ಬರುತ್ತಾನೆ, ಗೊತ್ತು. ಎಲ್ಲದಕ್ಕೂ ಪುರಾವೆ ಕೇಳುತ್ತಾ ಕೂತರೆ ಬದುಕುವುದು ಹೇಗೆ, ಮದುವೆ ಆಗುವಾಗ ಪುರಾವೆ ಕೇಳಿದ್ಯಾ ಅನ್ನುತ್ತಾನೆ. ಈ ವಾದವೂ ಹಳೆಯದೇ. 1896ರಲ್ಲಿ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್, ಕ್ಲಿಫರ್ಡ್‌ಗೆ ಹೀಗೇ ಉತ್ತರ ಕೊಟ್ಟ. ಕೆಲವು ಕಡೆ ಮೊದಲು ನಂಬಬೇಕು, ಆಮೇಲೆ ಅದು ನಿಜವಾಗುತ್ತದೆ. ಸ್ನೇಹ ಹಾಗೆ. ಅವನಿಗೆ ನಾನು ಇಷ್ಟ ಅಂತ ನಂಬಿ ನಡೆದುಕೊಂಡರೆ ಎಷ್ಟೋ ಸಲ ಇಷ್ಟವಾಗಿಬಿಡುತ್ತೇವೆ. ಚೆಂದದ ಮಾತು. ಆದರೆ ಅದು ಬುದ್ಧಿಯಿಂದ ತೀರ್ಮಾನಿಸಲು ಆಗದ ವಿಷಯಕ್ಕೆ ಅಂತ ಜೇಮ್ಸೇ ಬೇಲಿ ಹಾಕಿದ್ದಾನೆ. ಹಗ್ಗವನ್ನು ಟಾರ್ಚ್ ಹಿಡಿದು ನೋಡಿದರೆ ತೀರ್ಮಾನ ಆಗುತ್ತದೆ. ನಾವು ಪ್ರೀತಿಯಿಂದ ನಂಬಿದ್ದೇವೆ ಅಂತ ತುಂಡಾದ ತಂತಿ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಪುಣೆಯವನೇ, ಸುಮ್ನಿರು.

"ನಿನಗೆ ದೇವರ ಮೇಲೆ ನಂಬಿಕೆ ಇಲ್ಲ" ಅಂತ ಯಾರಾದರೂ ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ. ಪ್ರತಿ ವರ್ಷ ಮುಂಬೈ ಕಿಂಗ್ಸ್ ಸರ್ಕಲ್‌ನಲ್ಲಿ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಮಂಡಲದವರು ಕೂರಿಸುವ ಗಣಪತಿ ಮುಂದೆ ಸಾಲಿನಲ್ಲಿ ನಿಲ್ಲುವವನು ನಾನು. ಮಗಳ ಹೆಸರಿನಲ್ಲಿ ತುಲಾಭಾರವೂ ಮಾಡಿಸಿದ್ದೇನೆ. ಅಲ್ಲಿನ ಭಕ್ತಿ ಕಣ್ಣಾರೆ ಕಂಡಿದ್ದೇನೆ. ಅಂಥ ಮಂಡಲವೇ 2024ರಲ್ಲಿ 400 ಕೋಟಿ ರೂಪಾಯಿಗೂ ಜಾಸ್ತಿ ವಿಮೆ ಮಾಡಿಸಿತು. ಚಿನ್ನ ಬೆಳ್ಳಿಗೆ ಮಾತ್ರ ಅಂದುಕೊಳ್ಳಬೇಡಿ, ಸ್ವಯಂಸೇವಕರು, ಅರ್ಚಕರು, ಅಡುಗೆಯವರು ಎಲ್ಲರಿಗೂ ಸೇರಿಸಿ. ಗಣಪತಿಯನ್ನು ಅಷ್ಟು ನಂಬಿದವರು ಅಡುಗೆಯವರ ಜೀವವನ್ನೂ ಲೆಕ್ಕಕ್ಕೆ ತಗೊಂಡರು. ನಮ್ಮ ಕಾಕಾ ಸ್ಟಿಕ್ಕರ್ ಅಂಟಿಸಿದ್ದಾರೆ.

ಲಿಫ್ಟುಗಳ ವಿಷಯದಲ್ಲೇ ನೋಡಿ, 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಓಟಿಸ್ ಅನ್ನುವವನು ಮೇಲಿನ ಹಲಗೆಯಲ್ಲಿ ತಾನೇ ನಿಂತು, ಜನರ ಎದುರು ಹಗ್ಗ ಕಡಿಸಿದ. ಬ್ರೇಕ್ ಹಿಡಿಯಿತು, ಹಲಗೆ ನಿಂತಿತು. ಆಮೇಲೆ ಜನ ನಂಬಿದರು. ಮೇಲೆ ನಿಂತವನು ಅವನೇ, ಗ್ರೌಂಡ್ ಫ್ಲೋರಿನಲ್ಲಿ ಕೂತಿರಲಿಲ್ಲ.

ಮಹಾರಾಷ್ಟ್ರದಲ್ಲಿ ಲಿಫ್ಟುಗಳಿಗೇ ಅಂತ 2017ರ ಕಾನೂನು ಇದೆ. ಲಿಫ್ಟ್ ಇನ್ಸ್‌ಪೆಕ್ಟರಿಗೆ ಅರ್ಜಿ ಬರೆದಿಟ್ಟಿದ್ದೇನೆ. ಸೋಮವಾರ ಕಳಿಸುತ್ತೇನೆ. ಈ ಕೆಲಸ ಮಾಡಿ ಗೊತ್ತಿರುವವರು ಇನ್‌ಬಾಕ್ಸಿಗೆ ಬನ್ನಿ.

ಇವತ್ತು ಬೆಳಿಗ್ಗೆ ಬಾಯಿ ಮೆಟ್ಟಿಲು ಹತ್ತಿಯೇ ಬಂದರು. ಈ ಬಿಲ್ಡಿಂಗಿನಲ್ಲಿ ಅವರಿಗೆ ನಾಲ್ಕು ಮನೆ ಕೆಲಸ. ನಾನು ಹಾಲು ತರಲು ಕೆಳಗೆ ಹೋಗಿದ್ದೆ. ನಿನ್ನೆ ಹಟದಲ್ಲಿ ಹತ್ತಿದ್ದಕ್ಕೆ ಮಂಡಿ ನೋಯುತ್ತಿತ್ತು. ಬರುವಾಗ ಲಿಫ್ಟಿನಲ್ಲೇ ಬಂದೆ, ಸ್ಟಿಕ್ಕರಿಗೆ ಕೈ ಮುಗಿದು.