ಬರದಲ್ಲಿ ಕೈತೋಟಕ್ಕೆ ನೀರು: ಕೊಡಬೇಕೇ, ಬಿಡಬೇಕೇ?

ಪರ: ಪೈಪು ಒಳಗಿಡಿ, ಬಕೆಟ್ ಹೊರಗೆ ತನ್ನಿ

ಸಂಜೆ ಪೈಪು ಹಿಡಿದು ಗಿಡಗಳ ನಡುವೆ ನಿಂತರೆ ಮನಸ್ಸಿಗೆ ಏನೋ ಹಿತ. ನಾವು ಸುರಿಯುವ ನೀರಿನಲ್ಲಿ ಬಹುಪಾಲು ಆ ಹಿತಕ್ಕೇ ಹೋಗುತ್ತದೆ, ಗಿಡಕ್ಕಲ್ಲ. ಒಂದು ಸಲ ಕುತೂಹಲಕ್ಕೆ 15 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿದೆ. ನಿಮಿಷ ಕಳೆಯುವಷ್ಟರಲ್ಲಿ ತುಂಬಿತು. ಅಂದರೆ ಇಪ್ಪತ್ತು ನಿಮಿಷದ ನನ್ನ ಸುಖಕ್ಕೆ 300 ಲೀಟರ್! ಬರದಲ್ಲಿ ತೋಟಕ್ಕೆ ನೀರು ಕೊಡಲೇಬಾರದು ಎನ್ನುವವರ ಕಣ್ಣ ಮುಂದೆ ಇರುವುದು ಈ ಪೈಪು. ಅದರ ಮೇಲೆ ಅವರಿಗಿರುವ ಸಿಟ್ಟು ನ್ಯಾಯವೇ. ಆದರೆ ಪೈಪಿನ ತಪ್ಪಿಗೆ ಗಿಡಕ್ಕೆ ಶಿಕ್ಷೆ ಯಾಕೆ?

ಗಿಡ ನಳನಳಿಸುವಂತೆ ನೋಡಿಕೊಳ್ಳುವುದು ಬೇರೆ, ಜೀವ ಹಿಡಿದಿಡುವುದು ಬೇರೆ. ಎರಡನೆಯದಕ್ಕೆ ಬೇಕಾಗುವ ನೀರು ಬಹಳ ಕಡಿಮೆ. ಆದರೆ ಮೊದಲು ಯಾವುದನ್ನು ಕೈಬಿಡುವುದು ಅಂತ ತೀರ್ಮಾನಿಸಬೇಕು. ಮೊದಲು ಹೋಗಬೇಕಾದ್ದು ಹುಲ್ಲುಹಾಸು. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ 1 ಲೀಟರ್. ಬಿಸಿಲುಗಾಲದಲ್ಲಿ ಹುಲ್ಲು ಹಸಿರಾಗಿರಲು ವಾರಕ್ಕೆ 25 ಮಿಲಿಮೀಟರಿನಷ್ಟು ಕೊಡಬೇಕು ಎನ್ನುವುದು ತೋಟದವರ ಸಾಮಾನ್ಯ ಲೆಕ್ಕ. 20 ಚದರ ಮೀಟರಿನ ಪುಟ್ಟ ಹಾಸಿಗೂ ವಾರಕ್ಕೆ 500 ಲೀಟರ್ ಆಯ್ತು. ಬಿಟ್ಟುಬಿಡಿ. ಕಂದು ಬಣ್ಣಕ್ಕೆ ತಿರುಗುತ್ತದೆ, ತಿರುಗಲಿ. ಎಷ್ಟೋ ಜಾತಿಯ ಹುಲ್ಲು ಒಣಗಿದಂತೆ ಕಂಡರೂ ಬುಡದಲ್ಲಿ ಜೀವ ಇಟ್ಟುಕೊಂಡಿರುತ್ತದೆ. ಚಿಗುರದಿದ್ದರೂ ಮಳೆ ಬಂದ ಮೇಲೆ ಎರಡು ಮೂರು ತಿಂಗಳಲ್ಲಿ ಹೊಸದು ಬೆಳೆಸಬಹುದು. ಒಂದೇ ಋತುವಿನಲ್ಲಿ ಹೂಬಿಟ್ಟು ಮುಗಿಯುವ ಗಿಡಗಳೂ ಹೋಗಲಿ. ಕುಂಡಗಳನ್ನು ನೆರಳಿಗೆ ಎಳೆದು ಒತ್ತೊತ್ತಾಗಿ ಇಡಿ.

ಉಳಿಯುವುದು ಮರ, ಪೊದೆ. ಅದರಲ್ಲೂ ನೆಟ್ಟು ಎರಡು ಮೂರು ವರ್ಷವಾಗದ ಎಳೆ ಮರಗಳು. ಅವುಗಳ ಬೇರು ಇನ್ನೂ ಹರಡಿಕೊಂಡಿರುವುದಿಲ್ಲ. ನಾನು ವಕಾಲತ್ತು ವಹಿಸುತ್ತಿರುವುದು ಇವಕ್ಕೆ.

ದಿನಾ ಒಂದೊಂದು ತಂಬಿಗೆ ಚಿಮುಕಿಸುವುದು ಸುಮ್ನೆ ದಂಡ. ಮೇಲಿನ ಎರಡು ಬೆರಳಷ್ಟು ಮಣ್ಣು ಒದ್ದೆಯಾಗುತ್ತದೆ, ಮಧ್ಯಾಹ್ನಕ್ಕೆ ಆರಿಹೋಗುತ್ತದೆ. ಅದರ ಬದಲು ಐದಾರು ದಿನಕ್ಕೊಮ್ಮೆ, ಬೆಳಗಿನ ತಂಪಿನಲ್ಲಿ, ನಿಧಾನವಾಗಿ ಆಳಕ್ಕೆ ಇಳಿಯುವಂತೆ ಕೊಡಿ. ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಾಗಬೇಡಿ, ಅದು ಬಿಸಿಲಿನ ಆಯಾಸ ಇರಬಹುದು. ಬೆಳಿಗ್ಗೆಯೂ ಜೋತಿದ್ದರೆ ಮಾತ್ರ ನಿಜವಾಗಿ ಬಾಯಾರಿದೆ ಎಂದರ್ಥ. ಬುಡದ ಸುತ್ತ ತರಗೆಲೆಯೋ ಒಣಹುಲ್ಲೋ ಐದರಿಂದ ಎಂಟು ಸೆಂಟಿಮೀಟರ್ ದಪ್ಪ ಹರಡಿ. ಕಾಂಡಕ್ಕೆ ತಾಗಿಸಬೇಡಿ, ಕೊಳೆಯುತ್ತದೆ. ಗೊಬ್ಬರವನ್ನೂ ಈಗ ಹಾಕಬೇಡಿ. ಹೊಸ ಚಿಗುರು ಬಂದರೆ ಅದೂ ನೀರು ಕೇಳುತ್ತದೆ, ಅಲ್ವಾ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೂತಿಟ್ಟ ಮಡಕೆ. ಚೀನಾದ ಫ್ಯಾನ್ ಶೆಂಗ್‌ಜಿ ಎನ್ನುವವನು ಎರಡು ಸಾವಿರ ವರ್ಷದ ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ. ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಗಿಡದ ಪಕ್ಕ ಕುತ್ತಿಗೆಯವರೆಗೆ ಹೂಳಬೇಕು. ನೀರು ತುಂಬಿ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ಸೊಳ್ಳೆ. ಮಡಕೆಯ ಮೈಯಿಂದ ನೀರು ಜಿನುಗುತ್ತದೆ. ಸುತ್ತಲಿನ ಮಣ್ಣು ಒಣಗಿದಷ್ಟೂ ಜಾಸ್ತಿ ಎಳೆದುಕೊಳ್ಳುತ್ತದೆ, ತೇವವಾದರೆ ಎಳೆಯುವುದು ಕಡಿಮೆಯಾಗುತ್ತದೆ. ನಲ್ಲಿ ಇಲ್ಲ, ಟೈಮರ್ ಇಲ್ಲ. ಎಷ್ಟು ಬೇಕು ಎನ್ನುವುದು ಮಣ್ಣಿಗೇ ಬಿಟ್ಟ ವಿಷಯ. ಎಂಟು ಹತ್ತು ಲೀಟರಿನ ಒಂದು ಮಡಕೆ ನನ್ನ ಎಳೆ ಮರವನ್ನು ಒಂದು ಇಡೀ ಬೇಸಿಗೆ ದಾಟಿಸಿತು. ಎರಡು ಮೂರು ದಿನಕ್ಕೊಮ್ಮೆ ತುಂಬಿಸುತ್ತಿದ್ದೆ, ಅಷ್ಟೇ.

ನೀರು ಎಲ್ಲಿಂದ ಅಂತ ಕೇಳುತ್ತೀರಿ. ತರಕಾರಿ ತೊಳೆದ ನೀರು ಮಡಕೆಗೆ. ಬಚ್ಚಲ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ನೇರ ಮಣ್ಣಿಗೆ. ಬ್ಲೀಚ್ ಇರುವ ನೀರು ಬೇಡ. ಅದೇ ದಿನ ಖಾಲಿ ಮಾಡಬೇಕು, ಮರುದಿನಕ್ಕೆ ಇಟ್ಟರೆ ನಾರುತ್ತದೆ. ಎಲೆಯ ಮೇಲೂ ಬೇಡ, ಗೆಡ್ಡೆ ತರಕಾರಿಗೂ ಬೇಡ. ಇದು ಹೇಗಿದ್ದರೂ ಮೋರಿಗೆ ಹೋಗುವ ನೀರು. ಇದನ್ನು ಮರಕ್ಕೆ ಕೊಟ್ಟರೆ ಯಾರ ಬಿಂದಿಗೆಯಲ್ಲಿ ಏನು ಕಡಿಮೆಯಾಯಿತು?

ವಿರೋಧ: ಆ ಬಕೆಟ್‌ಗೆ ಬೇರೆ ಕೆಲಸವಿದೆ

ಮೇಲಿನ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿದೆ. ಟಾಯ್ಲೆಟ್‌ನಲ್ಲಿ ಕಡಿಮೆಯಾಯಿತು.

2018ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿದ್ದರು. ಕುಡಿಯುವುದು, ಅಡುಗೆ, ಸ್ನಾನ, ಬಟ್ಟೆ, ಎಲ್ಲ ಅದರಲ್ಲೇ. ನಲ್ಲಿ ನಿಂತುಹೋಗುವ ದಿನಕ್ಕೆ ‘ಡೇ ಜೀರೋ’ ಎಂದು ಹೆಸರಿಟ್ಟು ಊರಿಗೆ ಊರೇ ದಿನ ಎಣಿಸುತ್ತಿತ್ತು. ಜನ ಷವರಿನ ಕೆಳಗೆ ಬಕೆಟ್ ಇಟ್ಟುಕೊಂಡು ನಿಂತು ಸ್ನಾನ ಮಾಡಿದರು. ಆ ನೀರನ್ನು ಟಾಯ್ಲೆಟ್‌ಗೆ ಸುರಿದರು. ಒಂದು ಸಲ ಫ್ಲಶ್ ಒತ್ತಿದರೆ 6ರಿಂದ 9 ಲೀಟರ್ ಹೋಗುತ್ತದೆ, ಹಳೆಯ ತೊಟ್ಟಿಯಾದರೆ ಇನ್ನೂ ಜಾಸ್ತಿ. ಅದೂ ಒಳ್ಳೆಯ ನೀರು. ಬಚ್ಚಲ ನೀರನ್ನು ಅಲ್ಲಿಗೆ ಹಾಕಿದರೆ ಅಷ್ಟೇ ಒಳ್ಳೆಯ ನೀರು ತೊಟ್ಟಿಯಲ್ಲಿ ಉಳಿಯುತ್ತದೆ. ಗಿಡಕ್ಕೆ ಹಾಕಿದರೆ ಒಂದು ಹನಿಯೂ ಉಳಿಯುವುದಿಲ್ಲ. ಮೋರಿಗೆ ಹೋಗುವ ನೀರು ಅಂತ ನಾವು ಕರೆಯುವುದು ಬರ ಇಲ್ಲದ ದಿನಗಳ ಅಭ್ಯಾಸದಿಂದ.

ಇನ್ನೊಂದು ವಿಷಯ ಉಪ್ಪಿನದು. ಸೋಪು, ಬಟ್ಟೆ ಪುಡಿ ಹೆಚ್ಚಿನವುಗಳಲ್ಲಿ ಸೋಡಿಯಂ ಇರುತ್ತದೆ. ಮಳೆ ಬರುತ್ತಿದ್ದರೆ ಅದು ಕೆಳಗೆ ತೊಳೆದುಹೋಗುತ್ತದೆ. ಬರದಲ್ಲಿ ತೊಳೆಯುವವರು ಯಾರು? ನೀರು ಆವಿಯಾಗಿ ಉಪ್ಪು ಮಾತ್ರ ಮಣ್ಣಿನಲ್ಲಿ ಕೂರುತ್ತದೆ. ಜೇಡಿಮಣ್ಣಾದರೆ ಗಟ್ಟಿ ಹೆಪ್ಪಾಗಿ, ಮುಂದೆ ಮಳೆ ಬಂದರೂ ನೀರು ಒಳಗಿಳಿಯುವುದು ಕಷ್ಟ. ನಾನೂ ಒಂದು ವರ್ಷ ಹೀಗೆ ಬಚ್ಚಲ ನೀರಿನಲ್ಲೇ ಒಂದು ಪಾತಿ ಉಳಿಸಿದೆ. ಎಲೆಯ ಅಂಚು ಸುಟ್ಟ ಕಾಗದದ ಹಾಗೆ ಆಯಿತು. ಬಾಯಾರಿಕೆ ಇರಬೇಕು ಅಂದುಕೊಂಡು ಇನ್ನೂ ಒಂದು ಬಕೆಟ್ ಸುರಿದೆ!

ಬೋರ್‌ವೆಲ್ ಇದ್ದವರದು ಇನ್ನೊಂದು ರಾಗ. ನಮ್ಮ ನೀರು, ನಮ್ಮ ತೋಟ ಅಂತ. ಬೇಲಿ ಇರುವುದು ನೆಲದ ಮೇಲೆ. ನೆಲದ ಕೆಳಗಿನ ನೀರಿಗೆ ಬೇಲಿ ಇಲ್ಲ.

ಹನಿ ನೀರಾವರಿಯ ಮಾತೂ ಬರುತ್ತದೆ. ಇಸ್ರೇಲಿನ ಸಿಮ್ಖಾ ಬ್ಲಾಸ್ ರೂಪಿಸಿದ ಈ ವಿಧಾನವನ್ನು 1965ರಲ್ಲಿ ಶುರುವಾದ ನೆಟಾಫಿಮ್ ಕಂಪನಿ ಜಗತ್ತಿಗೆಲ್ಲ ಹರಡಿತು. ಒಳ್ಳೆಯ ವಿಧಾನ, ನನ್ನ ತಕರಾರು ಅದರ ಮೇಲಲ್ಲ. ಆದರೆ ಹನಿ ಪೈಪು ಹಾಕಿದ ಮೇಲೆ ಹೇಗೂ ನೀರು ಉಳಿಯುತ್ತದಲ್ಲ ಅಂತ ಹತ್ತು ಗಿಡ ಜಾಸ್ತಿ ನೆಟ್ಟವರನ್ನು ಕಂಡಿದ್ದೇನೆ. ನಾನೂ ಅವರಲ್ಲೊಬ್ಬ. ಉಳಿಸಿದ ನೀರು ಉಳಿದ ಲೆಕ್ಕ ನನ್ನ ತೋಟದಲ್ಲಂತೂ ಇಲ್ಲ.

ನಿಜವಾದ ಪ್ರಶ್ನೆ ಬೇರೆಯೇ ಇದೆ. ಮೂರು ತಿಂಗಳು ಮಳೆ ಇಲ್ಲದಿದ್ದರೆ ಸಾಯುವ ಗಿಡವನ್ನು ಅಲ್ಲಿ ನೆಟ್ಟಿದ್ದೇಕೆ? ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜಿನವರು 1981ರಲ್ಲೇ ‘ಜೆರಿಸ್ಕೇಪ್’ ಎಂಬ ಪದ ಹುಟ್ಟಿಸಿದರು. ಸಿಗುವ ನೀರಿಗೆ ಹೊಂದುವ ಗಿಡಗಳನ್ನೇ ಇಟ್ಟುಕೊಂಡು ತೋಟ ಮಾಡುವುದು ಅಂತ ಅದರ ಅರ್ಥ. ನೆವಾಡ ರಾಜ್ಯ 2021ರಲ್ಲಿ ಇನ್ನೂ ಮುಂದೆ ಹೋಯಿತು. ಲಾಸ್ ವೇಗಸ್ ಸುತ್ತಮುತ್ತ ರಸ್ತೆ ನಡುವೆ, ಕಚೇರಿಗಳ ಮುಂದೆ ಬರೀ ಅಂದಕ್ಕೆ ಬೆಳೆಸಿದ ಹುಲ್ಲಿಗೆ 2026ರ ಕೊನೆಯ ನಂತರ ಕೊಲೊರಾಡೊ ನದಿಯ ನೀರು ಹಾಯಿಸಬಾರದು ಎಂದು ಕಾನೂನು ಮಾಡಿತು. ಮನೆ ಮುಂದಿನ ಹುಲ್ಲನ್ನು ಅದು ಮುಟ್ಟಲಿಲ್ಲ. ನನಗೆ ಕೇಳಿದರೆ ಅದನ್ನೂ ಸೇರಿಸಬೇಕಿತ್ತು. ಪ್ರತಿ ಬರದಲ್ಲೂ ಬಕೆಟ್ ಹೊತ್ತು ಓಡಾಡಿ ಅದೇ ತೋಟವನ್ನು ಉಳಿಸಿದರೆ, ಮುಂದಿನ ಬರಕ್ಕೂ ಅದೇ ತೋಟ, ಅದೇ ಬಕೆಟ್.

ಒಂದು ರಿಯಾಯಿತಿ ಕೊಡುತ್ತೇನೆ. ಹೋದ ಮಳೆಗಾಲದಲ್ಲಿ ನೆಟ್ಟ ಮರದ ಸಸಿಗೆ ಹೂತಿಟ್ಟ ಮಡಕೆ ಇರಲಿ, ತರಕಾರಿ ತೊಳೆದ ನೀರೂ ಇರಲಿ. ನೆಟ್ಟ ತಪ್ಪಿಗೆ ಅಷ್ಟು ಋಣ ತೀರಿಸಬೇಕು. ಆದರೆ ಬರದ ಮುನ್ಸೂಚನೆ ಇದ್ದ ವರ್ಷ ಹೊಸ ಸಸಿ ನೆಡುವುದು ಶುದ್ಧ ಹಟ.

ಉಪ್ಪು ಕೂತ ಆ ಪಾತಿಯನ್ನು ಮುಂದಿನ ಬರದಲ್ಲಿ ನಾನು ಹಾಗೇ ಬಿಟ್ಟೆ. ಒಂಬತ್ತು ಗಿಡಗಳಲ್ಲಿ ಐದು ಸತ್ತವು. ಕಿತ್ತು ಅಲ್ಲೇ ಮಣ್ಣಿಗೆ ಹೊದಿಕೆಯಾಗಿ ಹರಡಿದೆ. ಮಳೆ ಬಂದ ಮೇಲೆ ಉಳಿದ ನಾಲ್ಕು ತಾವಾಗಿ ಚಿಗುರಿದವು. ನಾನು ಖಾಲಿ ಜಾಗಕ್ಕೆ ಆ ನಾಲ್ಕರ ಟೊಂಗೆಗಳನ್ನೇ ಕತ್ತರಿಸಿ ನೆಟ್ಟೆ. ಈಗ ಬಕೆಟ್ ಇರುವುದು ಬಚ್ಚಲಲ್ಲಿ.